ಕಣ್ಣು ಮುಚ್ಚಿ ಕೇಳಿದ ಪಂದ್ಯ

ವಿಕೆಟ್ ಬಿದ್ದು ನಾನು "ಹೋಯ್ತು ಕಣೋ!" ಎಂದು ಎದ್ದು ಕೂಗಿದರೂ ಪಕ್ಕದಲ್ಲಿದ್ದ ಹಿರಿಯರು ಕಣ್ಣು ತೆರೆಯಲಿಲ್ಲ. ಚೆಪಾಕ್ ಕ್ರೀಡಾಂಗಣದಲ್ಲಿ ತಮಿಳುನಾಡು ವಿರುದ್ಧ ಕರ್ನಾಟಕದ ರಣಜಿ ಪಂದ್ಯ ನಡೆಯುತ್ತಿತ್ತು. ಅಷ್ಟು ದೊಡ್ಡ ಸ್ಟ್ಯಾಂಡಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದೆವು. ಆ ಹಿರಿಯರಿಗೆ ಬಿಸಿಲಿಗೆ ತಲೆ ಸುತ್ತಿತೋ ಏನೋ ಎಂದು ಹೆದರಿ, "ಸಾರ್, ತಣ್ಣಿ ವೇಣುಮಾ?" ಎನ್ನುತ್ತಾ ನೀರಿನ ಬಾಟಲಿ ಚಾಚಿದೆ.

"ಈಗಷ್ಟೇ ಕನ್ನಡದಲ್ಲಿ ಕೂಗಿದಿರಲ್ಲ, ನನ್ನ ಹತ್ರ ತಮಿಳು ಯಾಕೆ ಮಾರಾಯ್ರೆ? ಸ್ವಲ್ಪ ಸುಮ್ಮನಿದ್ದು ಕೇಳಿ" ಎಂದರು.

ಕಿವಿಗೊಟ್ಟೆ. ಜನರಿಲ್ಲದ ಮೈದಾನದಿಂದ ನಮ್ಮ ಫೀಲ್ಡರ್‌ಗಳ ಮಾತು ಸ್ಪಷ್ಟವಾಗಿ ತೇಲಿಬರುತ್ತಿತ್ತು: "ಇನ್ನೊಂಚೂರು ಮುಂದೆ ಬಾರೋ!", "ಬಿಡ್ಬೇಡ ಮಗಾ!"

ಅವರು ಉಡುಪಿ ಕಡೆಯವರು, ಇದೇ ಊರಿನ ಪ್ಯಾರೀಸ್ ಕಾರ್ನರ್‌ನಲ್ಲಿ ಹೋಟೆಲ್ ನಡೆಸಿದವರು. ಇಲ್ಲಿನ ಹಳೆಯ ಸ್ಟ್ಯಾಂಡುಗಳನ್ನು ಕೆಡವಿದ್ದನ್ನೂ ಈ ಬಿಳಿ ಚಾವಣಿ ಎದ್ದದ್ದನ್ನೂ ಕಂಡವರು. ಆಗೆಲ್ಲ ಆಟ ನೋಡಲು ಬರುತ್ತಿದ್ದರಂತೆ.

"ಮನೆಯಲ್ಲಿ ನನ್ನ ಹತ್ರ ಕನ್ನಡ ಮಾತಾಡ್ತಿದ್ದದ್ದು ಹೆಂಡತಿ ಒಬ್ಬಳೇ. ಹೋದ ವರ್ಷ ತೀರಿಹೋದಳು. ಮಕ್ಕಳು, ಸೊಸೆ ಎಲ್ಲ ಒಳ್ಳೆಯವರೇ. ನಾನು ಕನ್ನಡದಲ್ಲಿ ಕೇಳಿದ್ರೆ ಅವರು ತಮಿಳಿನಲ್ಲಿ ಹೇಳ್ತಾರೆ, ಅಷ್ಟೇ. ಕರ್ನಾಟಕದ ಹುಡುಗರು ಇಲ್ಲಿಗೆ ಆಡ್ಲಿಕ್ಕೆ ಬಂದಾಗ ಬಂದು ಕೂತ್ಕೊಳ್ತೇನೆ."

ಊಟದ ವಿರಾಮಕ್ಕೆ ಆಟಗಾರರು ಒಳಗೆ ಹೋದರು. ಮೈದಾನ ಒಮ್ಮೆಗೇ ಸ್ತಬ್ಧವಾಯಿತು. ನಾನು ಎದ್ದು, "ಬನ್ನಿ ಸಾರ್, ಊಟ ಮಾಡೋಣ" ಎಂದೆ.

ಅವರು ಏಳಲಿಲ್ಲ. ಮತ್ತೆ ಕಣ್ಣು ಮುಚ್ಚಿಕೊಂಡು, "ಇನ್ನೊಂದ್ಸಲ ಹೇಳಿ" ಎಂದರು.