ಒಂದೇ ಗೆರೆ ನೋಡಿ ಹೊರಗೆ ಕೂತವಳು

ಮದುವೆಯಾಗಿ ನಾಲ್ಕು ವರ್ಷ ನನ್ನ ಹೊಟ್ಟೆಯ ಸಮಾಚಾರ ನಮ್ಮೂರು ಮೇಲೂರಿಗೆಲ್ಲ ಗೊತ್ತಿರುತ್ತಿತ್ತು. ಕಾರಣ ಅತ್ತೆಯ ಹುಳದ ಮನೆ. ಮುಟ್ಟಾದ ಹೆಂಗಸು ರೇಷ್ಮೆಹುಳ ಸಾಕುವ ಕೋಣೆಗೆ ಕಾಲಿಡುವಂತಿಲ್ಲ, ಇಟ್ಟರೆ ಹುಳ ಕೆಡುತ್ತವೆ ಎಂಬುದು ಆ ಮನೆಯ ಕಟ್ಟಳೆ. ನಾನು ಬಾಗಿಲಾಚೆ ಕಲ್ಲಿನ ಮೇಲೆ ಕೂತೆನೆಂದರೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ತರುವವನಿಂದ ಹಾಲು ಹಾಕುವವಳವರೆಗೆ ಎಲ್ಲರಿಗೂ 'ಈ ತಿಂಗಳೂ ಇಲ್ಲ' ಎಂದು ತಿಳಿಯುತ್ತಿತ್ತು. ಒಬ್ಬೊಬ್ಬರೂ ಮುಖ ನೋಡಿ 'ಅಯ್ಯೋ ಪಾಪ' ಅಂದುಕೊಂಡು ಹೋಗುವವರೇ. ಅತ್ತೆ ಮಾತ್ರ ಆ ಮೂರು ದಿನ ನನ್ನ ಮುಖವನ್ನೇ ನೋಡುತ್ತಿರಲಿಲ್ಲ. ಊಟದ ತಟ್ಟೆ ಇಟ್ಟು, ತಲೆ ತಗ್ಗಿಸಿ ಹೋಗಿಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ಸಾವಿರದ ಐದೋ ಆರೋ ಇರಬೇಕು. ಈ ಸಲ ಊರಿಗಿಂತ ಮೊದಲು ನಾನೇ ತಿಳಿದುಕೊಳ್ಳಬೇಕೆಂದು ಹಟ ಹುಟ್ಟಿತು. ಶಿಡ್ಲಘಟ್ಟದ ಮೆಡಿಕಲ್ ಸ್ಟೋರಿನವರೆಲ್ಲ ಗಂಡನಿಗೆ ಪರಿಚಯ. ಅದಕ್ಕೇ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಪ್ರೆಗ್ನೆನ್ಸಿ ಕಿಟ್ ಕೇಳಿದೆ. ಒಂದಲ್ಲ, ಎರಡು. ಅಂಗಡಿಯವನು ಹಳೇ ಪೇಪರಿನಲ್ಲಿ ಎಷ್ಟು ಸುತ್ತಿಕೊಟ್ಟನೆಂದರೆ, ಬಸ್ಸಿನಲ್ಲಿ ಪಕ್ಕದವಳು "ಗಾಜಿನ ಬಳೇನಾಮ್ಮ?" ಎಂದು ಕೇಳಿದಳು.

ಮುಟ್ಟಿನ ದಿನಕ್ಕೆ ಇನ್ನೂ ನಾಲ್ಕು ದಿನವಿತ್ತು. ನನಗೆಲ್ಲಿಯ ತಾಳ್ಮೆ! ಬಿಸಿಲಲ್ಲಿ ಬಂದವಳೇ ಎರಡು ಚೊಂಬು ಮಜ್ಜಿಗೆ ಕುಡಿದು, ಸಂಜೆ ಬಚ್ಚಲು ಸೇರಿ ಪರೀಕ್ಷೆ ಮಾಡಿದೆ. ಒಂದೇ ಗೆರೆ. ಒಂದಾದರೆ ಇಲ್ಲ, ಎರಡಾದರೆ ಇದೆ, ಬಿ.ಎ. ಪಾಸಾದ ನಾನು ಚೀಟಿಯಲ್ಲಿ ಓದಿದ್ದು ಅಷ್ಟೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರುಂಟು. ನಾನು ಕುಲಾವಿಯನ್ನೇ ಹರಿದು ಹಾಕಿದವಳು. ತುಂಬಾ ಅತ್ತುಬಿಟ್ಟೆ.

ನಾಲ್ಕು ದಿನ ಕಳೆಯಿತು. ಹೇಗಿದ್ದರೂ ಮುಟ್ಟು ಬರುವುದೇ, ಹುಳದ ಮನೆಯೊಳಗಿದ್ದಾಗಲೇ ಬಂದರೆ ಬೆಳೆ ಕೆಟ್ಟಿದ್ದೆಲ್ಲ ನನ್ನ ತಲೆಗೆ. ಹಾಗೆಂದು ಅದು ಬರುವ ಮೊದಲೇ ಬೆಳಿಗ್ಗೆ ಹೋಗಿ ಕಲ್ಲಿನ ಮೇಲೆ ಕೂತೆ. ಹುಳಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಹಾಕಿದ ಸೊಪ್ಪೆಲ್ಲ ನುಂಗುತ್ತಿದ್ದ ಕಾಲ. ಅತ್ತೆ, ಗಂಡ ಇಬ್ಬರೇ ಸೊಪ್ಪು ಹಾಕಿ ಹಾಕಿ ಸೊರಗಿದರು. ನಾನು ಕಲ್ಲಿನ ಮೇಲೆ ಕಡ್ಲೆಕಾಯಿ ತಿನ್ನುತ್ತಾ ಕಾದೆ. ಮುಟ್ಟು ಬರಲೇ ಇಲ್ಲ. ಕೂತ ಮೇಲೆ ಏಳುವುದು ಹೇಗೆ?

ಐದನೇ ದಿನ ಅತ್ತೆ ಕೇಳಿದರು. "ಏನಮ್ಮಾ, ಇನ್ನೂ ತಲೆಗೆ ನೀರು ಹಾಕ್ಕೊಳ್ಲಿಲ್ವಾ?"

ಎಲ್ಲವನ್ನೂ ಒದರಿಬಿಟ್ಟೆ.

"ಅಯ್ಯೋ ನಿನ್ ಬುದ್ಧಿಗಿಷ್ಟು! ಮೊಟ್ಟೆ ಇಟ್ಟ ಮಾರನೇ ದಿನಾನೇ ಹಾಳೆ ಎತ್ತಿ ನೋಡಿ, ಹುಳ ಇಲ್ಲ ಅಂತ ಯಾರಾದ್ರೂ ಎಸೀತಾರೇನೇ? ಮೊಟ್ಟೆಯೊಳಗೆ ಹುಳದ ಕಪ್ಪು ಚುಕ್ಕಿ ಕಾಣೋಕೂ ಎಂಟು ದಿನ ಬೇಡ್ವಾ?"

ಆಗ ಚೀಟಿಯನ್ನು ಪೂರ್ತಿ ಓದಿದೆ. ಅತ್ತೆ ಹೇಳಿದ್ದೇ ಇಂಗ್ಲಿಷಿನಲ್ಲಿತ್ತು. ಭ್ರೂಣ ಗರ್ಭಕೋಶಕ್ಕೆ ಅಂಟಿದ ಮೇಲೆಯೇ ಕಿಟ್ ಗುರುತಿಸುವ ಹಾರ್ಮೋನು ಮೂತ್ರಕ್ಕೆ ಬರುವುದು, ದಿನೇ ದಿನೇ ಹೆಚ್ಚುವುದು. ಮುಟ್ಟು ತಪ್ಪಿದ ಮೇಲೆ ನೋಡಬೇಕು. ಬೆಳಗಿನ ಮೊದಲ ಮೂತ್ರ ಒಳ್ಳೆಯದು, ನೀರು ಹೆಚ್ಚು ಕುಡಿದರೆ ತೆಳುವಾಗುತ್ತದೆ. ಐದು ನಿಮಿಷ ಕಾಯಬೇಕು. ಗಂಟೆಗಟ್ಟಲೆ ಬಿಟ್ಟು ನೋಡಿದ ಗೆರೆಯನ್ನು ನಂಬಬಾರದು. ಮಜ್ಜಿಗೆಯ ಹೆಸರು ಮಾತ್ರ ಇರಲಿಲ್ಲ.

ಮಾರನೇ ಬೆಳಿಗ್ಗೆ ಎರಡನೇ ಕಿಟ್ ಹಿಡಿದು ಬಚ್ಚಲು ಸೇರಿದೆ. ತಾಳ್ಮೆಯ ಪಾಠ ಹೇಳಿದ ಅತ್ತೆ ಐದು ನಿಮಿಷಕ್ಕೆ ಹತ್ತು ಸಲ ಬಾಗಿಲು ಬಡಿದರು. ಎರಡು ಗೆರೆ! ಎರಡನೆಯದು ಮಸುಕು, ಆದರೂ ಇತ್ತು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಅತ್ತೆ ಕಿಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. "ಹಂಗಾದ್ರೆ ಐದು ದಿನ ಸುಮ್‌ಸುಮ್ನೆ ಕೂತಿದ್ದೆ! ನನ್ ಸೊಂಟ ಬಿದ್ದೋಯ್ತಲ್ಲೇ!"

ನಾನೂ ಬಿಡಲಿಲ್ಲ. "ನೀವು ಮುಖ ಕೊಟ್ಟು ಮಾತಾಡ್ಸಿದ್ರೆ ಮೊದ್ಲೇ ಹೇಳ್ತಿದ್ದೆ."

ಅತ್ತೆ ಕಿಟ್ಟನ್ನು ಕಿಟಕಿಯ ಮೇಲಿಟ್ಟರು. "ನಿನ್ ಗಂಡ ಹುಟ್ಟೋಕ್ ಮುಂಚೆ ಏಳು ವರ್ಷ ಆ ಕಲ್ ಮೇಲೆ ನಾನೂ ಕೂತಿದ್ದೀನಿ ಕಣಮ್ಮ. ಹೋಗೋರು ಬರೋರೆಲ್ಲ ನನ್ ಮುಖಾನೇ ನೋಡೋರು. ನಾನೂ ನಿನ್ನ ಹಂಗೇ ನೋಡ್ಬೇಕಿತ್ತಾ?"

ಅತ್ತೆ ಸೊಪ್ಪಿನ ಮಂಕರಿ ಎತ್ತಿ ನನ್ನ ಕೈಗೆ ಕೊಟ್ಟರು. ನನ್ನ ಮುಖವನ್ನು, ಆಮೇಲೆ ಹೊಟ್ಟೆಯನ್ನು ಒಂದು ಸಲ ನೋಡಿ, ಮಂಕರಿಯನ್ನು ವಾಪಸ್ ಕಿತ್ತುಕೊಂಡರು.