ಬಸ್ಸಿಗೆ ಕಾಣುವ ಹಳದಿ ಪಟ್ಟಿ

ತೊಂಬತ್ತರ ದಶಕದ ಒಂದು ಮುಂಗಾರನ್ನು ನಾನು ಬೇಗೂರಿನ ಹತ್ತಿರದ ಹೊಲವೊಂದರಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆದೆ. ಮೇವಿನ ಅಲಸಂದೆಯ ಬೇರಿನಲ್ಲಿರುವ ಗಂಟು ಎಣಿಸಬೇಕು. ಎಣಿಸಿದರೆ ಕೃಷಿ ಎಂ.ಎಸ್ಸಿ. ಮುಗಿಯುತ್ತದೆ. ಚಾಮರಾಜನಗರದಲ್ಲಿ ನಮ್ಮಪ್ಪ "ಮಗ ಸಂಶೋಧನೆ ಮಾಡ್ತಾವ್ನೆ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಮಗನ ಮೊಣಕಾಲನ್ನು ಯಾರೂ ಕೇಳಲಿಲ್ಲ.

ಹೊಲದ ಯಜಮಾನರು ಮೇವು ಸಿಗುತ್ತದೆಂದು ಜಾಗ ಕೊಟ್ಟಿದ್ದರು. ಬೀಜಕ್ಕೆ ಬೆಲ್ಲದ ನೀರು ಸವರಿ, ಬೇರಿನ ಗಂಟಿನಲ್ಲಿ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಅಣುಜೀವಿಯ ಕಪ್ಪು ಪುಡಿ ಹಚ್ಚಿ, ನೆರಳಲ್ಲಿ ಒಣಗಿಸಿ ಬಿತ್ತಿದ್ದೆವು. ಅರ್ಧ ಪಟ್ಟಿಗಳಿಗೆ ಯೂರಿಯಾ, ಅರ್ಧಕ್ಕೆ ಇಲ್ಲ. ಯೂರಿಯಾ ಮಣ್ಣಲ್ಲಿ ನೈಟ್ರೇಟ್, ಅಂದರೆ ಗಿಡ ನೇರವಾಗಿ ಉಣ್ಣುವ ಸಾರಜನಕ, ಆಗುತ್ತದೆ. ಅದು ಪುಕ್ಕಟೆ ಸಿಕ್ಕಿದರೆ ಗಿಡ ಅಣುಜೀವಿಯನ್ನು ಸಾಕುವುದಿಲ್ಲ, ಗಂಟು ಕಟ್ಟುವುದಿಲ್ಲ. ಎಷ್ಟು ಕಮ್ಮಿ ಕಟ್ಟುತ್ತದೆ ಎಂಬುದು ನನ್ನ ಪ್ರಶ್ನೆ. ಚೀಟಿ ಎತ್ತಿ ಹಂಚಿದಾಗ ರಸ್ತೆ ಬದಿಗೆ ಬಂದದ್ದು ಯೂರಿಯಾ ಇಲ್ಲದ ಪಟ್ಟಿ.

ಮೂರನೇ ವಾರ ಯೂರಿಯಾ ಇಲ್ಲದವೆಲ್ಲ ಹಳದಿಗೆ ತಿರುಗಿದವು. ಬೀಜದ ಬುತ್ತಿ ಮುಗಿದು, ಗಂಟು ಇನ್ನೂ ಕೆಲಸ ಹಿಡಿಯದ ಹೊತ್ತು ಅದು. ಕಾದರೆ ತಾನಾಗಿ ಹಸಿರಾಗುತ್ತದೆ. ಇದನ್ನು ಯಜಮಾನರಿಗೆ ಹೇಳಬೇಕಿತ್ತು. ನಾನೋ, ಗುಂಡ್ಲುಪೇಟೆ ಬಸ್ಸು ಹಾದುಹೋದಾಗ ಅವರ ಮುಂದೆ ಕಿಟಕಿಯೊಳಗಿನವರ ದನಿ ಅಣಕಿಸಿದೆ.

"ನೋಡ್ಲಾ, ಕಾಮಾಲೆ ಬಂದಿರೋ ಪೈರು. ಯಾರ್ದಲಾ ಈ ಹೊಲ?"

ಆಮೇಲೆ ಕಂಡಕ್ಟರ್ ದನಿ: "ಇನ್ಯಾರ್ದು, ನಮ್ ಯಜಮಾನ್ರದ್ದೇ. ಓದೋ ಹೈಕ್ಳ ಕೈಗೆ ಕೊಟ್ಟವ್ರೆ. ರೈಟ್, ಓಗನ."

ಯಜಮಾನರು ನಕ್ಕರು. ಮನಸ್ಸಿಲ್ಲದೆ ನಕ್ಕರು. ಅದು ಕಂಡರೂ ನಾನು ಇನ್ನೊಂದು ಸಲ ಮಾಡಿದೆ.

ಹೂ ಬರುವ ಹೊತ್ತಿಗೆ ಗಿಡ ಕಿತ್ತು ಬಕೆಟ್ ನೀರಲ್ಲಿ ಬೇರು ತೊಳೆದೆ. ಯೂರಿಯಾ ಇಲ್ಲದ ಪಟ್ಟಿಯಲ್ಲೂ ಗಂಟಿಲ್ಲ. ಇದ್ದ ಒಂದೆರಡು ಸಾಸಿವೆಯಷ್ಟು. ಬ್ಲೇಡಿನಿಂದ ಸೀಳಿದರೆ ಒಳಗೆ ಕೆಲಸ ಮಾಡುವ ಗಂಟಿಗೆ ಇರಬೇಕಾದ ಕೆಂಪು ಇಲ್ಲ, ಬಿಳುಪು. ಎಲ್ಲ ಪಟ್ಟಿಯೂ ಒಂದೇ ಕಡುಹಸಿರು.

"ಯಜಮಾನ್ರೇ, ಇದಕ್ಕೇನಾದ್ರೂ ಹಾಕಿದ್ರಾ?"

"ಪಟ್ಟಿಗೆ ನಾಕ್ ನಾಕ್ ಬೊಗಸೆ ಯೂರಿಯಾ ಕಣಪ್ಪ. ದಾರೀಲಿ ಓಗೋರು ನಿನ್ನೂ ಸೇರುಸ್ಕಂಡು ಆಡ್ಕತಾರೆ ಅಂತವ."

"ಒಂದ್ವಾರ ಕಾದಿದ್ರೆ ತಾನೇ ಹಸಿರಾಗ್ತಿತ್ತು."

"ಅದ್ನ ಅವತ್ತೇ ಯೋಳ್ಬಾರ್ದಾ? ಬಸ್ಸೋರ ಮಾತೆಲ್ಲ ಯೋಳ್ದೆ, ಗಿಡದ ಮಾತು ಯೋಳ್ನಿಲ್ವಲ್ಲ."

ಪುಸ್ತಕದಲ್ಲಿದ್ದಂತೆ ಸುಳ್ಳು ಅಂಕಿ ಬರೆದುಕೊಂಡು ಹೋಗಬಹುದಿತ್ತು. ನನಗೆ ಅಷ್ಟು ಸುಸ್ತಾಗಿತ್ತು. ಅಂಕಿಯನ್ನು ಅಣಕಿಸುವುದು ಮನುಷ್ಯರನ್ನು ಅಣಕಿಸಿದಷ್ಟೇ ಸುಲಭ. ಆದರೆ ಆ ಬೋಳು ಬೇರುಗಳು ಎರಡು ದಿನ ಬಕೆಟ್ಟಿನಲ್ಲೇ ಕೊಳೆತವು, ನಾನು ಒಂದಂಕಿಯನ್ನೂ ಬರೆಯಲಿಲ್ಲ. ಹೋಗಿ ಕಾಲೇಜಿನಲ್ಲಿ ನನ್ನ ಸಂಶೋಧನೆ ನೋಡಿಕೊಳ್ಳುವ ಮೇಷ್ಟ್ರಿಗೆ ಹೇಳಿದೆ.

ಅವರು ಮೂಗಿನಲ್ಲಿ ಮಾತಾಡುವವರು. ಅವರ ದನಿ ನನ್ನ ಕಂಠಪಾಠ. "ಯಾರ ತಪ್ಪು?" ಎಂದರು.

"ನಂದೇ ಸರ್."

"ಮತ್ತೆ ಬಿತ್ತನೆ ಮಾಡು."

ಹಿಂಗಾರಿಗೆ ಯಜಮಾನರು ಪಕ್ಕದ ತುಂಡು ಬಿಟ್ಟುಕೊಟ್ಟರು. ಅದೂ ರಸ್ತೆ ಬದಿಯೇ. ಮತ್ತೆ ಬೆಲ್ಲದ ನೀರು, ಕಪ್ಪು ಪುಡಿ, ಅದೇ ಮೊಣಕಾಲು. ಮೂರನೇ ವಾರ ಅದೇ ಹಳದಿ. ಬದುವಿನ ಮೇಲೆ ಇಬ್ಬರೂ ಕೂತಿದ್ದೆವು. ಬಸ್ಸು ಹೋಯಿತು.

"ಏನಂತಾವ್ರಪ್ಪ ಬಸ್ಸೋರು?" ಯಜಮಾನರು ಕೇಳಿದರು.

ಬಾಯಿ ಬಿಡಲೂ ಬೇಸರವಾಗಿತ್ತು. ಆದರೂ ಕಂಡಕ್ಟರ್ ದನಿಯಲ್ಲೇ ಹೇಳಿದೆ: "ಇನ್ನೊಂದ್ವಾರ ಕಾಯ್ಬೇಕಂತೆ ಯಜಮಾನ್ರೇ."

ಅವರು ಎದ್ದು, ಬದುವಿನಲ್ಲಿದ್ದ ಯೂರಿಯಾ ಚೀಲವನ್ನು, ಮತ್ತೆ ಕೈ ಹೋಗದಿರಲೆಂದು, ನನ್ನ ಕೈಲೇ ತಮ್ಮ ಮನೆಗೆ ಹೊರಿಸಿದರು.