ನಾನು ಹೇಳಿದ ಹೆಸರು

ಭಾಗ್ಯ, ನೀನು ನನಗೆ ಏನೂ ಮಾಡಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ನಿನ್ನ ಮೇಲೆ ನಾನು ಹೇಳಿದ್ದೆಲ್ಲ ಸುಳ್ಳು. ಆರು ವರ್ಷ ಅದನ್ನು ಹಾಗೇ ಬಿಟ್ಟೆ.

ಆ ಜುಲೈನಲ್ಲಿ — ನಿನಗೂ ನೆನಪಿರಬಹುದು — ನಾನು ಸ್ಕೂಲಿಗೆ ಬರುವುದನ್ನೇ ನಿಲ್ಲಿಸಿದ್ದೆ. ಯೂನಿಫಾರ್ಮ್ ಹಾಕಿಕೊಳ್ಳುತ್ತಿದ್ದೆ, ಶೂ ಲೇಸ್ ಕಟ್ಟಿ ಮತ್ತೆ ಬಿಚ್ಚಿಬಿಡುತ್ತಿದ್ದೆ. ಮೂಡಲಪಾಳ್ಯದ ಬಸ್‌ಸ್ಟಾಪ್ ದಾಟಿದರೆ ಉಸಿರು ಕಟ್ಟುತ್ತಿತ್ತು. ಯಾವುದಕ್ಕೆ ಹೆದರಿಕೆ ಎಂದು ನನಗೇ ಗೊತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ದಿನವಿಡೀ ಗೋಡೆ ನೋಡುತ್ತಾ ಮಲಗಿರುತ್ತಿದ್ದೆ. ನೀನೊಬ್ಬಳೇ ಸಂಜೆ ನೋಟ್ಸ್ ತಂದುಕೊಟ್ಟು, ಏನೂ ಕೇಳದೆ, ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದೆ.

ಅಮ್ಮನಿಗೆ ಒಂದು ಕಾರಣ ಬೇಕಿತ್ತು. "ಯಾರಾದ್ರೂ ಏನಾದ್ರೂ ಅಂದ್ರೇನೇ? ಸುಮ್‌ಸುಮ್ನೆ ಯಾರಿಗಾದ್ರೂ ಹಿಂಗಾಗತ್ತಾ?" ಅಪ್ಪ ಯಾರಿಗೋ ಫೋನಿನಲ್ಲಿ, "ತಲೆ ಏನಾದ್ರೂ ಕೆಟ್ಟಿದ್ಯಾ ಅಂತ ತೋರಿಸ್ಬೇಕು" ಎನ್ನುವುದು ಕೇಳಿಸಿತು. ನನ್ನನ್ನು ಹುಚ್ಚಿ ಎನ್ನುತ್ತಾರೆ — ಆ ಭಯದ ಮುಂದೆ ಸ್ಕೂಲಿನ ಭಯ ಏನೂ ಅಲ್ಲ ಅನಿಸಿತು.

ಅಪ್ಪ ಅಮ್ಮ ನನ್ನನ್ನು ಸ್ಕೂಲಿಗೆ, ಹೆಡ್ ಮೇಡಂ ಅವರ ಕೋಣೆಗೆ ಕರೆದುಕೊಂಡು ಹೋದರು. "ಯಾರು ಅಂತ ಹೆಸರು ಹೇಳಮ್ಮ, ಸಾಕು" ಎಂದರು ಮೇಡಂ. ನಿನ್ನ ಹೆಸರು ಹೇಳಿದೆ. ಹೊಡೆಯುತ್ತಾಳೆ, ಹೆದರಿಸುತ್ತಾಳೆ ಎಂದೆ. ಬಾಯಿ ತಪ್ಪಿ ಬಂತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಲ್ಲ. ನೀನು ಬಾಗಲಕೋಟೆ ಕಡೆಯಿಂದ ಬಂದು ವರ್ಷವೂ ಆಗಿರಲಿಲ್ಲ, ನಿನ್ನ ಮಾತಿಗೆ ಇಡೀ ಕ್ಲಾಸು ನಗುತ್ತಿತ್ತು. ನಿನ್ನ ಪರವಾಗಿ ಯಾರೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಿನ್ನನ್ನು ಕರೆಸಿದರು.

"ನಾ ಏನ್ ಮಾಡೀನಿ? ಹೇಳ, ರಶ್ಮಿ."

ನಾನು ತಲೆ ಎತ್ತಲಿಲ್ಲ. ನಿನ್ನ ಅಪ್ಪ ಡೆಲಿವರಿ ಬ್ಯಾಗನ್ನು ಬೆನ್ನಿನಿಂದ ಇಳಿಸದೆಯೇ ಬಂದು, "ತಪ್ಪಾತ್ರಿ ಮೇಡಂ" ಎಂದು ಕೈಮುಗಿದರು. ವಾರದೊಳಗೆ ಟಿ.ಸಿ. ತೆಗೆದುಕೊಂಡು ಹೋದರು.

ನನಗೇನೂ ವಾಸಿಯಾಗಲಿಲ್ಲ. ಈಗ ಸಿಕ್ಕಿಬೀಳುವ ಭಯವೂ ಸೇರಿಕೊಂಡಿತು. ಬಾಗಿಲ ಬೆಲ್ಲಾದರೆ ನೀನೇ ಬಂದಿದ್ದೀಯ ಎಂದು ಬೆಚ್ಚುತ್ತಿದ್ದೆ. ಮುಂದಿನ ವರ್ಷ ಡಾಕ್ಟರು ಇದು ಖಿನ್ನತೆ ಎಂದರು, ಮಾತ್ರೆ ಕೊಟ್ಟರು, ಮಾತಾಡಿಸಿದರು. ನಿಧಾನಕ್ಕೆ ಎದ್ದೆ. ಸುಳ್ಳು ಹೇಳಿದ ದಿನ ಕಾಯಿಲೆ ಇತ್ತು, ಸರಿ — ಆಮೇಲಿನ ವರ್ಷಗಳಲ್ಲಿ?

ಕಳೆದ ವಾರ ಅಮ್ಮನಿಗೆ ಹೇಳಿದೆ. "ಈಗ್ಯಾಕೆ ಅದನ್ನೆಲ್ಲ ಎತ್ತುತ್ತೀಯ, ಬಿಡು" ಎಂದಳು. ನಿನ್ನೆ ವಿಳಾಸ ಹುಡುಕಿಕೊಂಡು ಉಲ್ಲಾಳ ಉಪನಗರಕ್ಕೆ ಬಂದೆ. ನೀನು ಕೆಲಸಕ್ಕೆ ಹೋಗಿದ್ದೆ. ಬಾಗಿಲು ತೆರೆದವರು ನಿನ್ನ ಅಪ್ಪ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ, ಹೊಡೆದರೂ ಹೊಡೆಯಬಹುದು ಎಂದುಕೊಂಡಿದ್ದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಆಕಿ ಅವತ್ತ ಅಳಕೋತ ಭಾಳ ಹೇಳಿದ್ಲವಾ," ಎಂದರು. "ನಾನ ನಂಬಲಿಲ್ಲ. ಸಾಲಿ ಬಿಡಿಸಿದೆ."

ನೀನು ಬೇರೆ ಸ್ಕೂಲಿಗೆ ಸೇರಿರುತ್ತೀಯ ಎಂದೇ ನಂಬಿಕೊಂಡಿದ್ದೆ, ಭಾಗ್ಯ. ಒಮ್ಮೆಯೂ ವಿಚಾರಿಸಲಿಲ್ಲ.

ಭಾನುವಾರ ನಿನಗೆ ರಜೆಯಂತೆ. ಬರುತ್ತೇನೆ. ನಿನ್ನ ಮುಖ ನೋಡಲು ಹೆದರಿಕೆಯಾಗುತ್ತಿದೆ — ಬರುತ್ತೇನೆ.